ಎರಡು ಖಿಡಕಿ, ಒಂದೇ ನಂಬರು

ಆ ಪ್ರಶ್ನೆ ಪರದೆಯ ಮೇಲೆ ಬಂದಾಗ ನನ್ನ ಎಡಗೈಯಲ್ಲಿ ಚಹಾದ ಕಪ್ಪಿತ್ತು. ಇಂಗ್ಲಿಷಿನಲ್ಲಿ ಎರಡೇ ಸಾಲು. ಈ ಯಂತ್ರ ಜಾಗ ಬದಲಿಸಿದಂತೆ ಕಾಣುತ್ತದೆ, ಹಳೆಯ ಗುರುತನ್ನೇ ಇಟ್ಟುಕೊಳ್ಳಬೇಕೋ, ಹೊಸದು ಮಾಡಬೇಕೋ ಎಂದು ಕೇಳುತ್ತಿತ್ತು. ಪೂರ್ತಿ ಓದಿದೆನೋ ಇಲ್ಲವೋ ನೆನಪಿಲ್ಲ. ಹಳೆಯದೇ ಇರಲಿ ಎಂಬಲ್ಲಿ ಒತ್ತಿದೆ. ನಮ್ಮ ಮನೆಯ ರೂಢಿಯೇ ಅದು. ಅಂಗಡಿಯವನು ಹೊಸದು ಕೊಡಲೇ ಎಂದರೆ ನಮ್ಮವ್ವ ಮೊದಲು ಹಳೆಯದು ಇನ್ನೂ ನಡೆಯುತ್ತದೆಯೇ ಎಂದು ಕೇಳುವವಳು. ಒತ್ತಿ, ಚಹಾ ಮುಗಿಸಿ, ಬೇರೆ ಕೆಲಸಕ್ಕೆ ಹೋದೆ. ಆ ಒಂದು ಒತ್ತಿನಿಂದ ಖಾನಾಪುರದಲ್ಲಿ ಒಬ್ಬ ಹೆಣ್ಣುಮಗಳ ಒಂಬತ್ತು ವರ್ಷದ ನೌಕರಿಗೇ ಸಂಚಕಾರ ಬಂತೆಂಬುದನ್ನು ನೆನೆದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಟಿಳಕವಾಡಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ, ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ‘ಜೋಡಣೆ ಮತ್ತು ದುರಸ್ತಿ’ ಎಂದು ಬರೆಸಿದ್ದೆ. ಜೋಡಿಸಿದವನೇ ದುರಸ್ತಿಗೂ ಬರಬೇಕಾಗುತ್ತದೆ ಅಲ್ಲವೇ ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಆಗ ನನಗೆ ಮೂವತ್ತೂ ತುಂಬಿರಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ನನಗೆ ತಿಳಿಯದ್ದು ಬೆಳಗಾವಿಯಲ್ಲಿ ಯಾರಿಗೂ ತಿಳಿದಿರಲಿಕ್ಕಿಲ್ಲ ಎಂಬ ಜಂಬ ಬೇರೆ. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಖಾನಾಪುರದ ಆ ಪುಟ್ಟ ಧರ್ಮಾರ್ಥ ಆಸ್ಪತ್ರೆ ಈಗ ಇಲ್ಲ. ಆಗ ಅಲ್ಲಿ ಚೀಟಿ ಮಾಡಿಸಲು ಎರಡು ಖಿಡಕಿಗಳಿದ್ದವು, ಬಲಕ್ಕೆ ಕನ್ನಡದ್ದು, ಎಡಕ್ಕೆ ಮರಾಠಿಯದ್ದು. ಹಾಗೆಂದು ಕಾಯಿದೆಯೇನೂ ಇರಲಿಲ್ಲ. ಖಾನಾಪುರದಲ್ಲಿ ಬಹಳ ಜನಕ್ಕೆ ಎರಡೂ ಮಾತು ಬರುತ್ತವೆ. ಆದರೆ ಜಡ್ಡಿನ ಮನುಷ್ಯ ತನ್ನ ನೋವನ್ನು ಮನೆಯ ಮಾತಿನಲ್ಲೇ ಹೇಳಿಕೊಳ್ಳಲಿ ಎಂದು ಹಿಂದೊಬ್ಬ ಡಾಕ್ಟರು ಮಾಡಿಟ್ಟ ಏರ್ಪಾಡು ಅದು. ಡಾಕ್ಟರು ಬರುವುದು ತಡವಾದರೆ, ಯಾವುದೋ ಔಷಧ ಮುಗಿದರೆ, ಆ ಸುದ್ದಿಯನ್ನೂ ಎರಡೂ ಖಿಡಕಿಯಿಂದ ಎರಡೂ ಮಾತಿನಲ್ಲಿ ಕೂಗಿ ಹೇಳಬೇಕು. ಒಂದು ಪಾಳಿಯಲ್ಲಿ, ಎಂದರೆ ಸಾಲಿನಲ್ಲಿ, ನಿಂತವರಿಗೆ ಹೇಳಿ ಇನ್ನೊಂದು ಪಾಳಿಯವರಿಗೆ ಬಿಟ್ಟರೆ ಅವತ್ತು ಗದ್ದಲವೇ.

ಮರಾಠಿ ಖಿಡಕಿಯಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ವೈನಿ ಎಂದು ಕರೆಯುತ್ತಿದ್ದರು, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ನಲವತ್ತೈದರ ಆಸುಪಾಸಿನ ಹೆಂಗಸು. ಜಾಂಬೋಟಿ ಕಡೆಯ ಹಳ್ಳಿಯವರು, ಮನೆಯಲ್ಲಿ ಭತ್ತದ ಗದ್ದೆ. ಮಳೆಗಾಲದಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿದು, ಒದ್ದೆ ಸೀರೆಯ ನೆರಿಗೆ ಹಿಂಡಿಕೊಳ್ಳುತ್ತ ಬಂದು ಕೂರುತ್ತಿದ್ದರು. ಒಂಬತ್ತು ವರ್ಷ ಕೈಯಲ್ಲೇ ಚೀಟಿ ಬರೆದಿದ್ದರು, ಅವರ ಅಕ್ಷರ ಅಚ್ಚು ಹಾಕಿದಂತಿತ್ತು. ಕನ್ನಡ ಖಿಡಕಿಯವಳು ಅವರಿಗಿಂತ ಹದಿನೈದು ವರ್ಷ ಚಿಕ್ಕವಳು. ಕುರಿ ಕಾಯುವ ಮನೆತನದವಳು, ಆ ಮನೆತನದಲ್ಲಿ ಸಂಬಳ ತಂದ ಮೊದಲ ಹೆಣ್ಣು. ವೈನಿ ಅವಳನ್ನು ಧಾಕಟಿ ಎನ್ನುತ್ತಿದ್ದರು. ಕಿರಿಯವಳು ಎಂದು ಅದರ ಅರ್ಥ. ಕ್ರಮೇಣ ಡಾಕ್ಟರೂ ಅವಳನ್ನು ಹಾಗೆಯೇ ಕರೆಯತೊಡಗಿದ್ದರು.

ಇಬ್ಬರಿಗೂ ಒಂದು ಪದ್ಧತಿಯಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ವೈನಿಯ ಬುತ್ತಿ ಧಾಕಟಿಗೆ, ಧಾಕಟಿಯ ಬುತ್ತಿ ವೈನಿಗೆ. ಹಂಚಿಕೊಳ್ಳುವುದಲ್ಲ, ಪೂರಾ ಅದಲುಬದಲು. ತನ್ನ ಮನೆಯ ಅಡಿಗೆ ರಾತ್ರಿ ಹೇಗೂ ಉಣ್ಣುವುದಿದೆ, ಹಗಲು ಮತ್ತೊಬ್ಬರದು ಉಣ್ಣೋಣ ಎಂದು ವೈನಿ ಶುರು ಮಾಡಿದ್ದು. ಅಕ್ಕಿ ರೊಟ್ಟಿ ಮತ್ತು ಒಣಮೀನಿನ ಚಟ್ನಿ ಆ ಕಡೆಗೆ, ಜೋಳದ ರೊಟ್ಟಿ ಮತ್ತು ಕಡಲೆಹಿಟ್ಟಿನ ಝುಣಕ ಈ ಕಡೆಗೆ. ಮೊದಲ ಸಲ ಹೋದಾಗ ಇದನ್ನು ನೋಡಿ ನನಗೆ ನಗು ಬಂದಿತ್ತು.

ಆಸ್ಪತ್ರೆಯ ಕಾರ್ಯದರ್ಶಿಗಳು ಹಳೆಯ ಜೈನ ಮನೆತನದ ಬಟ್ಟೆ ವ್ಯಾಪಾರಿಗಳು, ಮೃದು ಮಾತಿನ ಹಿರಿಯರು. ಎರಡೂ ಖಿಡಕಿಗೆ ಹೊಸ ಕಂಪ್ಯೂಟರ್ ಬೇಕು, ಚೀಟಿಯ ನಂಬರು ಒಳಕೋಣೆಯ ಮೂರನೆಯದೊಂದು ಕಂಪ್ಯೂಟರಿನಿಂದ ಒಂದೇ ಸರದಿಯಲ್ಲಿ ಬರಬೇಕು ಎಂದು ನನ್ನನ್ನು ಕರೆಸಿದರು. ತೊಡಕು ಎಲ್ಲಿತ್ತೆಂದರೆ, ಅವರ ಬಳಿಯಿದ್ದ ಚೀಟಿಯ ಪ್ರೋಗ್ರಾಂ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದ್ದು. ಅದನ್ನು ಬರೆದವನು ಊರು ಬಿಟ್ಟಿದ್ದ. ಹೊಸ ಕಂಪ್ಯೂಟರಿನಲ್ಲಿ ಅದು ಏಳಲೇ ಇಲ್ಲ. ಆಗ ನಾನು ಹೊಸದಾಗಿ ಕಲಿತಿದ್ದ ವಿದ್ಯೆಯೊಂದನ್ನು ಹೊರತೆಗೆದೆ. ಹೊಸ ಕಂಪ್ಯೂಟರಿನ ಒಳಗೇ ಒಂದು ಹಳೆಯ ಕಂಪ್ಯೂಟರನ್ನು ಹುಟ್ಟಿಸುವುದು. ಅದಕ್ಕೆ ಕಬ್ಬಿಣವಿಲ್ಲ, ತಂತಿಯಿಲ್ಲ, ಬರೀ ಫೈಲುಗಳ ಒಂದು ಕಟ್ಟು. ಆದರೂ ಅದು ತಾನು ನಿಜವಾದ ಯಂತ್ರವೆಂದೇ ನಂಬಿ ಕೆಲಸ ಮಾಡುತ್ತದೆ. ಆ ಕಟ್ಟನ್ನು ನಕಲು ಮಾಡಿದರೆ ಇನ್ನೊಂದು ಕಂಪ್ಯೂಟರ್ ಸಿದ್ಧ. ಕನ್ನಡದ್ದನ್ನು ಮೂರು ದಿನ ಕೂತು ಕಟ್ಟಿದೆ, ಮರಾಠಿಯದ್ದನ್ನು ಅರ್ಧ ಗಂಟೆಯಲ್ಲಿ ನಕಲು ಮಾಡಿ ಅಕ್ಷರ ಬದಲಿಸಿದೆ. ಚಹಾ ಕುಡಿಯುತ್ತ ಗುರುತಿನ ಪ್ರಶ್ನೆಗೆ ಉತ್ತರ ಒತ್ತಿದ್ದು ಆವಾಗಲೇ. ಅಂಗಡಿಯಲ್ಲಿದ್ದ ನನ್ನ ಹಳೆಯ ಹಬ್‌ಗೆ, ಎಂದರೆ ತಂತಿಗಳನ್ನೆಲ್ಲ ಕೂಡಿಸುವ ಪೆಟ್ಟಿಗೆಗೆ, ಎರಡನ್ನೂ ಸಿಕ್ಕಿಸಿ ಒಂದು ಇಡೀ ದಿನ ನಡೆಸಿದೆ. ಎರಡೂ ಸಲೀಸಾಗಿ ನಡೆದವು.

ಖಾನಾಪುರದಲ್ಲಿ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಪೇಢೆ ಹಂಚಿದರು. ಯಾರೋ ದಾನಿಗಳು ಹಬ್‌ಗಿಂತ ಮೇಲಿನ ದರ್ಜೆಯ ಹೊಸ ಸ್ವಿಚ್ ಪೆಟ್ಟಿಗೆಯನ್ನು ಕೊಡಿಸಿದ್ದರು. ನಾನು ಅದನ್ನು ಎಡಗಡೆಯ ಗೋಡೆಗೆ, ವೈನಿಯ ಮೇಜಿನ ಕೆಳಗೆ ಕೂರಿಸಿದೆ. ಅಲ್ಲಿ ಕರೆಂಟಿನ ಪ್ಲಗ್ ಹತ್ತಿರವಿತ್ತು, ಅಷ್ಟೇ ಕಾರಣ. ಜೋರು ಮಳೆಯ ವಾರ, ಜನ ಕಡಿಮೆ, ಚೀಟಿಗಳು ಸರಸರ ಬಂದವು. ವೈನಿ ಮೊದಮೊದಲು ಕೀಲಿಗಳನ್ನು ಒಂದೊಂದೇ ಬೆರಳಿನಿಂದ ಹೆಕ್ಕುತ್ತಿದ್ದರು, ಐದನೆಯ ದಿನಕ್ಕೆ ಕೈ ಓಡತೊಡಗಿತು. ನಾನು ಬೀಗುತ್ತ ಬೆಳಗಾವಿಗೆ ಮರಳಿದೆ.

ಸಂತೆಯ ದಿನ ಬಂತು. ಎರಡೂ ಖಿಡಕಿಯ ಮುಂದೆ ಪಾಳಿ ಅಂಗಳದ ತನಕ ಬೆಳೆದಿತ್ತಂತೆ. ವೈನಿ ಹೆಸರು ಬರೆದು ನಂಬರು ಕೇಳಿದರೆ ಯಂತ್ರ ಸುಮ್ಮನೆ ಕೂತಿತು. ಆ ಹೊತ್ತಿಗೆ ಧಾಕಟಿಯದು ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ವೈನಿಯದಕ್ಕೆ ಜೀವ ಬಂತು, ಧಾಕಟಿಯದು ನಿಂತಿತು. ಮತ್ತೆ ಇದು ನಡೆದರೆ ಅದು ಸ್ತಬ್ಧ. ಜ್ವರದ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಈ ಪಾಳಿಯಿಂದ ಆ ಪಾಳಿಗೆ, ಆ ಪಾಳಿಯಿಂದ ಈ ಪಾಳಿಗೆ ಓಡಾಡಿ ಸುಸ್ತಾದರು. ಫೋನು ಬಂತು, ಮರುದಿನ ನಾನು ಹೋದೆ.

ಹೋಗಿ ಏನು ಮಾಡಿದೆ? ಧಾಕಟಿಗೆ ಕೆಲಸ ನಿಲ್ಲಿಸಿ ಕೂರಲು ಹೇಳಿ ವೈನಿಯ ಯಂತ್ರ ಪರೀಕ್ಷಿಸಿದೆ, ಚೆನ್ನಾಗಿ ನಡೆಯಿತು. ವೈನಿಗೆ ನಿಲ್ಲಿಸಲು ಹೇಳಿ ಧಾಕಟಿಯದನ್ನು ಪರೀಕ್ಷಿಸಿದೆ, ಅದೂ ಚೆನ್ನಾಗಿ ನಡೆಯಿತು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡಬೇಕೆಂದು ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ. ತಂತಿ ತೆಗೆದು ಹಾಕಿದೆ, ಪೆಟ್ಟಿಗೆಯ ಧೂಳು ಊದಿದೆ, ಸರಿಯಾಗಿದೆ ಎಂದು ಹೇಳಿ ಹೊರಟೆ. ಮುಂದಿನ ಸಂತೆಗೆ ಮತ್ತೆ ಅದೇ ಕಥೆ. ಮೂರನೆಯ ಸಲ ಕರೆದಾಗ ನನಗೆ ರೇಗಿಹೋಗಿತ್ತು. ನಾನಿದ್ದಾಗ ಸರಿಯಿರುವ ಯಂತ್ರ ನಾನು ಹೋದ ಮೇಲೆ ಕೆಡುತ್ತದೆಂದರೆ ಕೆಡಿಸುವವರು ಯಾರೋ ಇರಬೇಕು. ಕಾರ್ಯದರ್ಶಿಗಳ ಕೋಣೆಯಲ್ಲಿ ಕೂತು, ಯಾರೋ ವಾಯರ್ ಅಲುಗಿಸುತ್ತಿದ್ದಾರೆ ಎಂದೆ. ಯಾರಿರಬಹುದು ಎಂದು ಅವರು ಕೇಳಿದರು.

ನಾನು ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. “ಪೆಟಗಿ ಯಾರ ಕಾಲಾಗ ಐತಿ, ನೀವ ನೋಡ್ರಿ.”

ಹೆಸರು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು ಸಮಾಧಾನ. ಪೆಟ್ಟಿಗೆಯನ್ನು ಅವರ ಕಾಲ ಬುಡಕ್ಕೆ ಇಟ್ಟವನು ನಾನೇ. ಇನ್ನೂ ನಿಜ ಹೇಳಬೇಕೆಂದರೆ, ಆ ಪೆಟ್ಟಿಗೆ ಧಾಕಟಿಯ ಕಾಲ ಬುಡದಲ್ಲಿದ್ದಿದ್ದರೆ ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬರುತ್ತಿತ್ತೇ? ನಾನು ಕನ್ನಡದವನು. ನಮ್ಮ ಗಡಿಯಲ್ಲಿ ಹುಟ್ಟಿದವರ ತಲೆಯ ಮೂಲೆಯಲ್ಲಿ ಯಾವಾಗಲೂ ಒಂದು ಸಂಶಯ ಮಡಚಿ ಇಟ್ಟಿರುತ್ತದೆ, ಈ ಕಡೆಯವರಿಗೂ, ಆ ಕಡೆಯವರಿಗೂ. ನನ್ನದು ಅವತ್ತು ಬಿಚ್ಚಿಕೊಂಡಿತು, ನನಗದು ಗೊತ್ತೂ ಆಗಲಿಲ್ಲ.

ಮಾತಿಗೆ ಕಾಲು ಬಂತು. ಕನ್ನಡದ ಪಾಳಿಯಲ್ಲಿ ನಿಂತವರು, ನಮ್ಮ ಖಿಡಕಿ ನಡೆಯಬಾರದೆಂದು ಆ ಹೆಂಗಸು ವಾಯರ್ ಕೀಳುತ್ತಾಳೆ ಎಂದರು, ಧಾಕಟಿ ಅದನ್ನು ಕೇಳಿಯೂ ಅಲ್ಲವೆನ್ನಲಿಲ್ಲವಂತೆ. ಮರಾಠಿ ಪಾಳಿಯವರು, ಬೆಳಗಾವಿಯವನು ಬೇಕೆಂದೇ ಮರಾಠಿ ಯಂತ್ರವನ್ನು ಕೆಡಿಸಿ ಕೊಟ್ಟಿದ್ದಾನೆ ಎಂದರು. ಇದರಲ್ಲಿ ಎರಡನೆಯದು ಅರ್ಧ ನಿಜವೆಂದು ಆಗ ಯಾರಾದರೂ ಹೇಳಿದ್ದರೆ ನಾನು ಜಗಳಕ್ಕೇ ಬೀಳುತ್ತಿದ್ದೆ. ಯಂತ್ರದ ಮೇಲೆ ಮಾತ್ರ ಯಾರೂ ಅನುಮಾನ ಪಡಲಿಲ್ಲ. ಕುಂಕುಮ ಹಚ್ಚಿಸಿಕೊಂಡಿತ್ತಲ್ಲ, ಅದಕ್ಕೆ ಏನು ಬೇಕಾದರೂ ನಡೆಯುತ್ತಿತ್ತು.

ಕಾರ್ಯದರ್ಶಿಗಳು ಅನ್ಯಾಯದ ಮನುಷ್ಯರಲ್ಲ. ಪರೀಕ್ಷೆ ಮಾಡಿಯೇ ನೋಡೋಣ ಎಂದರು. ಒಂದು ವಾರ ವೈನಿಯ ಖಿಡಕಿ ಮುಚ್ಚಿಸಿ, ಅವರನ್ನು ಔಷಧದ ಕೋಣೆಯಲ್ಲಿ ಕೂರಿಸಿ, ಎರಡೂ ಪಾಳಿಯನ್ನು ಧಾಕಟಿಯ ಖಿಡಕಿಗೆ ತಿರುಗಿಸಿದರು. ಆ ವಾರ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಸಂತೆಯ ದಿನವೂ ನಿಲ್ಲಲಿಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು? ಆ ತಿಂಗಳು ಮುಗಿಯುತ್ತಲೇ ವೈನಿ ಕೆಲಸ ಬಿಡಬೇಕೆಂದು ಕಾರ್ಯದರ್ಶಿಗಳು ಮೃದುವಾಗಿಯೇ ಹೇಳಿದರು. ಆ ದಿನ ನಾನು ಅಲ್ಲೇ ಇದ್ದೆ. ಹೊರಗೆ ಬರುವಾಗ ವೈನಿ ನನ್ನನ್ನು ಬಾಗಿಲಲ್ಲಿ ತಡೆದರು. ಅವರ ಕಣ್ಣಲ್ಲಿ ನೀರಿರಲಿಲ್ಲ, ದನಿ ಏರಿರಲಿಲ್ಲ.

“ನಂದ ಬಂದ್ ಮಾಡಿ ನೋಡಿದ್ರಿ,” ಎಂದರು. “ಒಂದ ವಾರ ಆಕೀದ ಬಂದ್ ಮಾಡಿ, ನಂದಷ್ಟ ಚಾಲೂ ಇಟ್ಟ ನೋಡ್ರಿ. ಅದೂ ಹಿಂಗ ಛಲೋ ನಡೀತೈತಿ.”

ಎಂಥ ಮಾತು! ಕಂಪ್ಯೂಟರಿನ ಮುಂದೆ ಒಂದು ತಿಂಗಳೂ ಕೂರದ ಹೆಂಗಸು ರೋಗದ ಮೂಲವನ್ನೇ ಬೆರಳಿಟ್ಟು ತೋರಿಸಿದ್ದರು. ನಾನು ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಹೋಗುವಾಗ ಒಳಗೆ ಊಟದ ಹೊತ್ತು. ಧಾಕಟಿ ತನ್ನ ಬುತ್ತಿ ತಾನೇ ಬಿಚ್ಚಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ವೈನಿಯ ಬುತ್ತಿ ಗಂಟು ಬಿಚ್ಚದೆ ಮೇಜಿನ ಮೇಲಿತ್ತು.

ಆ ತಿಂಗಳ ಕೊನೆಯ ವಾರ, ಡಾಕ್ಟರ ಕೋಣೆಗೂ ಒಂದು ಕಂಪ್ಯೂಟರ್ ಬೇಕೆಂದು ಖಾನಾಪುರದಿಂದ ಹೇಳಿ ಕಳಿಸಿದರು. ಟಿಳಕವಾಡಿಯ ಅಂಗಡಿಯಲ್ಲಿ ಕೂತು ಅದೇ ಫೈಲಿನ ಕಟ್ಟನ್ನು ಎರಡನೆಯ ಸಲ ನಕಲು ಮಾಡಿದೆ. ಅದೇ ಪ್ರಶ್ನೆ ಬಂತು, ನಾನು ಅದೇ ಉತ್ತರ ಒತ್ತಿದೆ. ಅಂಗಡಿಯಲ್ಲಿಟ್ಟುಕೊಂಡಿದ್ದ ಮೊದಲಿನ ಪ್ರತಿಯನ್ನೂ ಬಾಜು ಕಂಪ್ಯೂಟರಿನಲ್ಲಿ ಎಬ್ಬಿಸಿದೆ. ನನ್ನ ಹಳೆಯ ಹಬ್ ಆ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು, ಅದರ ಜಾಗದಲ್ಲಿ ಆಸ್ಪತ್ರೆಯದೇ ಜಾತಿಯ ಹೊಸ ಸ್ವಿಚ್ ಪೆಟ್ಟಿಗೆ ತಂದಿದ್ದೆ. ನಂಬರು ಕೊಡಲು ಮತ್ತೊಂದು ಕಂಪ್ಯೂಟರನ್ನು ಜೋಡಿಸಿ, ಎರಡರಲ್ಲೂ ಒಟ್ಟಿಗೆ ಚೀಟಿ ಮಾಡಲು ಹೋದೆ.

ಒಂದು ನಡೆಯಿತು, ಇನ್ನೊಂದು ನಿಂತಿತು. ನಿಂತದ್ದನ್ನು ಕೆಣಕಿದೆ. ಅದು ಎದ್ದಿತು, ಮೊದಲಿನದು ನಿಂತಿತು.

ಅಂಗಡಿಯಲ್ಲಿ ನನ್ನ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಪೆಟ್ಟಿಗೆ ಮೇಜಿನ ಮೇಲೆ, ನನ್ನ ಕಣ್ಣ ಮುಂದೆಯೇ ಹಸಿರು ದೀಪ ಮಿಟುಕಿಸುತ್ತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಎರಡು ಯಂತ್ರಗಳಿಗೂ ಬೇರೆ ಬೇರೆ ವಿಳಾಸ ನಾನೇ ಕೈಯಾರೆ ಕೊಟ್ಟಿದ್ದೆ, ಅವು ಬೇರೆಯೇ ಇದ್ದವು. ಆದರೆ ಆ ವಿಳಾಸದ ಕೆಳಗೆ ಇನ್ನೊಂದು ನಂಬರಿರುತ್ತದೆ. ಗಾಡಿಗೆ ಚಾಸಿ ನಂಬರು ಇರುವ ಹಾಗೆ, ನೆಟ್‌ವರ್ಕ್ ಕಾರ್ಡಿನ ಹುಟ್ಟು ನಂಬರು. ಹನ್ನೆರಡು ಅಕ್ಷರ, ಒಂದರಂತೆ ಇನ್ನೊಂದು ಇರಕೂಡದು. ಅದನ್ನು ತೋರಿಸುವ ಆಜ್ಞೆ ಕೊಟ್ಟು, ಒಂದು ಯಂತ್ರದ್ದನ್ನು ಹಳೆಯದೊಂದು ಪಾವತಿಯ, ಎಂದರೆ ರಸೀದಿಯ, ಬೆನ್ನ ಮೇಲೆ ಬರೆದುಕೊಂಡೆ. ಅದರ ಕೆಳಗೆ ಇನ್ನೊಂದರದ್ದನ್ನು ಬರೆಯತೊಡಗಿದೆ. ಮೊದಲಿನ ಆರು ಅಕ್ಷರ ಒಂದೇ, ಅದು ಕಂಪನಿಯ ಗುರುತು, ಇರಲಿ. ಏಳನೆಯದೂ ಒಂದೇ. ಎಂಟನೆಯದೂ. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡೂ ಒಂದೇ. ನಂಬಿಕೆಯಾಗದೆ ಮತ್ತೊಮ್ಮೆ ಬರೆದೆ.

ಆಮೇಲೆ ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಯಂತ್ರ ಫೈಲಾದರೆ ಅದರ ಹುಟ್ಟು ನಂಬರೂ ಫೈಲಿನಲ್ಲೇ ಬರೆದಿರುತ್ತದೆ. ಹಳೆಯ ಗುರುತೇ ಇರಲಿ ಎಂದರೆ ಆ ನಂಬರೂ ನಕಲಾಗುತ್ತದೆ. ನನ್ನ ಹಳೆಯ ಹಬ್ ದಡ್ಡ ಪೆಟ್ಟಿಗೆ. ಬಂದ ಮಾತನ್ನೆಲ್ಲ ಎಲ್ಲರಿಗೂ ಕೂಗಿ ಹೇಳುತ್ತಿತ್ತು, ತಮತಮಗೆ ಬಂದದ್ದನ್ನು ಅವರವರು ಆರಿಸಿಕೊಳ್ಳುತ್ತಿದ್ದರು. ಹಾಗಾಗಿ ಅಲ್ಲಿ ಏನೂ ತೋರಲಿಲ್ಲ. ಆಸ್ಪತ್ರೆಯ ಸ್ವಿಚ್ ಜಾಣ. ಯಾವ ನಂಬರಿನವರು ಯಾವ ತಂತಿಯಲ್ಲಿದ್ದಾರೆಂದು ನೆನಪಿಟ್ಟುಕೊಂಡು ಆ ಕಡೆಗಷ್ಟೇ ಉತ್ತರ ಕೊಡುತ್ತದೆ. ಒಂದೇ ಮನೆ ನಂಬರಿನ ಎರಡು ಮನೆಗಳಿದ್ದರೆ ಪೋಸ್ಟಿನವನು ಏನು ಮಾಡಬೇಕು? ಕೊನೆಗೆ ಯಾವ ಮನೆಯಿಂದ ಕರೆ ಬಂತೋ ಅಲ್ಲಿಗೇ ಎರಡೂ ಮನೆಯ ಪತ್ರ ಎಸೆದು ಹೋಗುತ್ತಾನೆ. ಧಾಕಟಿ ಕೊನೆಗೆ ಕೇಳಿದರೆ ವೈನಿಯ ಉತ್ತರವೂ ಅವಳ ಕಡೆಗೆ ಹೋಗುತ್ತಿತ್ತು, ವೈನಿ ಕೊನೆಗೆ ಕೇಳಿದರೆ ಅವಳದು ಇವರ ಕಡೆಗೆ. ಇಬ್ಬರಲ್ಲಿ ಒಬ್ಬರೇ ಕೂತರೆ ಏನೂ ಕೆಡುತ್ತಿರಲಿಲ್ಲ.

ಆ ಒಂದು ವಾರದ ಪರೀಕ್ಷೆ ವೈನಿಯ ತಪ್ಪನ್ನು ತೋರಿಸಿರಲೇ ಇಲ್ಲ. ಅವರು ಬಾಗಿಲಲ್ಲಿ ನಿಂತು ಹೇಳಿದ್ದು ಇದನ್ನೇ. ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತೇ ತಿಂಗಳ ಕೊನೆಯ ದಿನ.

ಅಂಗಡಿಗೆ ಬೀಗ ಹಾಕಿ ಸ್ಟೇಷನ್ನಿಗೆ ಓಡಿದೆ. ಲೋಂಡಾ ಕಡೆ ಹೋಗುವ ಬೆಳಗಿನ ಪ್ಯಾಸೆಂಜರ್ ತಡವಾಗಿ ಬಂದದ್ದು ನನ್ನ ಪುಣ್ಯ. ಉಳಿದ ದಿನ ತಡವಾದದ್ದಕ್ಕೆ ಅದನ್ನು ಎಷ್ಟು ಬಯ್ದಿದ್ದೇನೋ. ಖಿಡಕಿಯ ಪಕ್ಕ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಆ ಪಾವತಿಯನ್ನು ತೆಗೆದು ನೋಡುವುದು, ಮಡಚಿ ಕಿಸೆಗೆ ಹಾಕುವುದು, ಮತ್ತೆ ತೆಗೆಯುವುದು. ಅಷ್ಟರಲ್ಲೂ ನನ್ನ ತಲೆ ತನ್ನ ಕಸುಬು ಬಿಡಲಿಲ್ಲ. ಯಂತ್ರದೊಳಗಿನ ದೋಷ, ಈಗ ಸರಿಪಡಿಸಿದೆ ಎಂದರೆ ಸಾಕಲ್ಲ, ಯಾರ ದೋಷ ಎಂದು ಯಾರು ಕೇಳುತ್ತಾರೆ ಎಂದು ಅದು ಹಂಚಿಕೆ ಹಾಕುತ್ತಿತ್ತು. ಖಾನಾಪುರ ಬರುವ ಹೊತ್ತಿಗೆ ಆ ಹಂಚಿಕೆ ಪೂರ್ತಿ ಸಿದ್ಧವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಲೇಬೇಕು.

ಆಸ್ಪತ್ರೆಯಲ್ಲಿ ವೈನಿ ತಮ್ಮ ಒಂಬತ್ತು ವರ್ಷದ ರಿಜಿಸ್ಟರುಗಳನ್ನು ಮೇಜಿನ ಮೇಲೆ ಪೇರಿಸಿ, ಒಂದೊಂದರ ಮೇಲೂ ಬಟ್ಟೆಯಾಡಿಸುತ್ತಿದ್ದರು. ನಾನು ಯಾರ ಮುಖವನ್ನೂ ನೋಡದೆ ಅವರ ಯಂತ್ರದ ಮುಂದೆ ಕೂತೆ. ಒಳಗಿನ ಯಂತ್ರವನ್ನು ನಿಲ್ಲಿಸಿ, ಫೈಲಿನಲ್ಲಿದ್ದ ಗುರುತಿನ ಸಾಲುಗಳನ್ನು ಅಳಿಸಿ, ಮತ್ತೆ ಎಬ್ಬಿಸಿದೆ. ಹೊಸ ನಂಬರು ತಾನಾಗಿ ಹುಟ್ಟಿತು. ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಇಬ್ಬರನ್ನೂ ಅವರವರ ಖಿಡಕಿಯಲ್ಲಿ ಕೂರಿಸಿ, ಒಟ್ಟಿಗೇ ಚೀಟಿ ಮಾಡಲು ಹೇಳಿದೆ. ಹತ್ತು ಚೀಟಿ, ಇಪ್ಪತ್ತು ಚೀಟಿ. ಎರಡೂ ಯಂತ್ರ ನಿಲ್ಲದೆ ನಡೆದವು. ಇಪ್ಪತ್ತೈದನೆಯದಕ್ಕೆ ಧಾಕಟಿಯ ಕೈ ನಿಂತಿತು. ಅವಳಿಗೆ ಅರ್ಥವಾಗಿತ್ತು.

ಕಾರ್ಯದರ್ಶಿಗಳ ಕೋಣೆಗೆ ಹೋಗಿ ಪಾವತಿಯ ಬೆನ್ನು ತೋರಿಸಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಬ್ಬ ನಿರಪರಾಧಿಯನ್ನು ಕಳಿಸಿಬಿಡುತ್ತಿದ್ದೆನಲ್ಲ ಎಂದು ಮೆಲ್ಲಗೆ ಅಂದರು. ಆಮೇಲೆ ನನ್ನ ಮೇಲೆ ಕರುಣೆ ಬಂತೋ, ಆಸ್ಪತ್ರೆಯ ಮಾನ ನೆನಪಾಯಿತೋ, “ಮಷಿನ್ ದುರಸ್ತ ಆತು, ವೈನಿ ಇಲ್ಲೇ ಇರತಾರ ಅಂತ ಹೇಳಿ ಮುಗಸೂಣು. ಹಳೇದೆಲ್ಲಾ ಕೆದರೂದ ಬ್ಯಾಡ,” ಎಂದರು. ರೈಲಿನಲ್ಲಿ ನಾನು ಹಾಕಿದ್ದ ಹಂಚಿಕೆಯನ್ನು ಅವರೇ ನನ್ನ ಕೈಗಿಟ್ಟರು. ನಾನು ಹೂಂ ಎಂದೆ.

ಹೊರಗೆ ಬಂದು ಅಷ್ಟನ್ನೇ ಹೇಳಿದೆ. ಯಂತ್ರದಲ್ಲಿ ದೋಷವಿತ್ತು, ಸರಿಹೋಯಿತು, ನೀವು ಕೆಲಸ ಬಿಡಬೇಕಾಗಿಲ್ಲ. ವೈನಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ರಿಜಿಸ್ಟರಿನ ಮೇಲಿಟ್ಟರು.

“ಅಲ್ರಿ ಸಾಹೇಬ್ರ, ವಾಯರ್ ಯಾರ ಮುಟ್ಟತಿದ್ರು, ಅದ ಗೊತ್ತಾತೇನ್ರಿ?”

ಪಾಳಿಯಲ್ಲಿದ್ದವರು ಇತ್ತ ತಿರುಗಿದರು. ಯಾರೂ ಮುಟ್ಟಿಲ್ಲ, ತಪ್ಪು ನನ್ನದು ಎಂದು ಅವರಿಗಷ್ಟೇ ಕೇಳುವಂತೆ ಹೇಳಿದೆ.

“ನನಗಷ್ಟ ಹೇಳಿದ್ರ ಏನ ಬಂತ್ರಿ. ನನ್ನ ಹೆಸರ ಎರಡೂ ಪಾಳ್ಯಾಗ ಹೋಗೇತಿ. ಎರಡೂ ಖಿಡಕ್ಯಾಗ ಹೇಳ್ರಿ.”

ಆಸ್ಪತ್ರೆಯ ಪದ್ಧತಿ ಅದು. ಔಷಧ ಮುಗಿದ ಸುದ್ದಿಗೆ ಇದ್ದ ಮರ್ಯಾದೆಯನ್ನು ಅವರು ತಮ್ಮ ಹೆಸರಿಗೂ ಕೇಳುತ್ತಿದ್ದರು. ಮೊದಲು ಕನ್ನಡ ಖಿಡಕಿಗೆ ಹೋದೆ. ಧಾಕಟಿ ಎದ್ದು ಕುರ್ಚಿ ಬಿಟ್ಟಳು. ಸರಳಿನ ಆಚೆ ಮೂವತ್ತು ನಲವತ್ತು ಮುಖಗಳಿದ್ದವು. ಎರಡೂ ಕಂಪ್ಯೂಟರಿಗೆ ನಾನೇ ತಪ್ಪಿ ಒಂದೇ ನಂಬರು ಕೊಟ್ಟಿದ್ದೆ, ಅದಕ್ಕೆ ಅವು ನಿಲ್ಲುತ್ತಿದ್ದವು, ವೈನಿ ಯಾವ ವಾಯರನ್ನೂ ಮುಟ್ಟಿಲ್ಲ, ಅವರ ಮೇಲೆ ಅನುಮಾನ ಹುಟ್ಟಿಸಿದವನೂ ನಾನೇ ಎಂದು ಕೂಗಿ ಹೇಳಿದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಆಮೇಲೆ ಎಡಗಡೆಯ ಖಿಡಕಿಗೆ ಬಂದೆ. ಪೇಟೆಯಲ್ಲಿ ಚೌಕಾಸಿ ಮಾಡುವಷ್ಟು ಮರಾಠಿ ನನಗೆ ಸಲೀಸು, ತಪ್ಪೊಪ್ಪಿಕೊಳ್ಳುವಷ್ಟು ಬರುತ್ತಿರಲಿಲ್ಲ. “ಚೂಕ ಮಾಝೀ ಹೋತೀ,” ಎಂದೆ. ತಪ್ಪು ನನ್ನದಾಗಿತ್ತು. ಮುಂದಿನ ಮಾತು ಸಿಗದೆ ನಿಂತೆ. “ವಹಿನೀಂಚೀ ನಾಹೀ,” ಎಂದು ಹಿಂದಿನಿಂದ ಒಂದು ಸಣ್ಣ ದನಿ ಬಂತು. ವೈನಿಯದಲ್ಲ ಎಂದು. ಹೇಳಿದ್ದು ಧಾಕಟಿ. ನಾನು ಅವಳ ಹಿಂದೆಯೇ ಅದನ್ನು ಹೇಳಿದೆ. ಪಾಳಿಯಲ್ಲಿ ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ ಮುಖ ತಿರುಗಿಸಿದ. ವೈನಿ ತಮ್ಮ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಮುಂದಿನವರ ಹೆಸರು ಕೇಳಿದರು.

ಊಟದ ಹೊತ್ತಿನ ತನಕ ಎರಡೂ ಖಿಡಕಿ ನಡೆದವು. ಹೊರಡಬೇಕೆಂದಿದ್ದೆ, ಹೊರಡಲಿಲ್ಲ. ಪಾಳಿ ಕರಗಿದ ಮೇಲೆ ವೈನಿ ಬುತ್ತಿಯ ಗಂಟು ಬಿಚ್ಚಿದರು. ಅಷ್ಟರಲ್ಲಿ ಧಾಕಟಿ ತನ್ನ ಬುತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮೇಜಿನ ಹತ್ತಿರ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. ವೈನಿ ಅವಳ ಕಡೆ ನೋಡಲಿಲ್ಲ. ಎರಡು ಅಕ್ಕಿ ರೊಟ್ಟಿ ಎತ್ತಿ, ಮೇಲೆ ಚಟ್ನಿ ಹಾಕಿ, ನನ್ನ ಮುಂದೆ ಚಾಚಿದರು.

ನನಗೆ ಬೇಡ, ನನಗೆ ಯಾಕೆ, ಅವಳಿಗೆ ಕೊಡಿ ಎಂದು ತೊದಲಿದೆ.

“ತಿನ್ರಿ,” ಎಂದರು ವೈನಿ. “ನೀವು ಬೆಳಗಾಂವಿಯಾವ್ರು. ನಾ ಎಂಥಾಕಿ ಅಂತ ನಿಮಗೇನ ಗೊತ್ತಿತ್ತು? ಆಕಿಗಿ ಗೊತ್ತಿತ್ತಲ್ರಿ.”

ಧಾಕಟಿ ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ವೈನಿಯ ಕೈ ಇನ್ನೂ ಚಾಚಿಯೇ ಇತ್ತು. ನಾನು ರೊಟ್ಟಿ ಇಸಕೊಂಡೆ. ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು, ಉಳಿದದ್ದನ್ನು ಕೈಯಲ್ಲೇ ಹಿಡಿದು ನಿಂತೆ.